ಗಡಿಯಾರ ಕಂಪಿಸದಿದ್ದರೆ ಗೋಲಾಗಲಿಲ್ಲ ಎಂದರ್ಥವೇ?

2024ರ ಜೂನ್ 11. ದೋಹಾದ ಜಾಸಿಮ್ ಬಿನ್ ಹಮದ್ ಕ್ರೀಡಾಂಗಣದಲ್ಲಿ ಕತಾರ್ ವಿರುದ್ಧ ಭಾರತ 1–0 ಮುಂದಿತ್ತು. ಸುನಿಲ್ ಛೆಟ್ರಿ ಅಂತರರಾಷ್ಟ್ರೀಯ ಆಟಕ್ಕೆ ವಿದಾಯ ಹೇಳಿ ಐದೇ ದಿನವಾಗಿತ್ತು. 37ನೇ ನಿಮಿಷದಲ್ಲಿ ಛಾಂಗ್ಟೆ ಹೊಡೆದ ಗೋಲಿನ ಬಲದಲ್ಲಿ ಪಂದ್ಯ ಗೆದ್ದಿದ್ದರೆ ಭಾರತ ವಿಶ್ವಕಪ್ ಅರ್ಹತೆಯ ಮೂರನೇ ಸುತ್ತಿಗೆ ಕಾಲಿಡುತ್ತಿತ್ತು. 73ನೇ ನಿಮಿಷದಲ್ಲಿ ಯೂಸುಫ್ ಐಮನ್ ತಲೆಯಿಂದ ಹೊಡೆದ ಚೆಂಡನ್ನು ಗುರ್‌ಪ್ರೀತ್ ಸಿಂಗ್ ಸಂಧು ತಡೆದರು. ಚೆಂಡು ಉರುಳುತ್ತಾ ಗೋಲ್‌ಲೈನ್ ದಾಟಿ ಅಂಕಣದಿಂದ ಆಚೆ ಹೋಯಿತು. ಆಟ ನಿಂತಿತೆಂದು ಗುರ್‌ಪ್ರೀತ್ ಭಾವಿಸಿದರು. ಅಷ್ಟರಲ್ಲಿ ಅಲ್ ಹಶ್ಮಿ ಅಲ್ ಹುಸೇನ್ ಹೊರಗಿದ್ದ ಚೆಂಡನ್ನು ಕಾಲಿನಿಂದ ಒಳಕ್ಕೆ ಎಳೆದುಕೊಟ್ಟರು, ಐಮನ್ ಬಲೆಗೆ ಸೇರಿಸಿದರು. ಕೊರಿಯಾದ ರೆಫರಿ ಕಿಮ್ ವೂ ಸಂಗ್ ಗೋಲು ಎಂದರು. 85ನೇ ನಿಮಿಷದಲ್ಲಿ ಕತಾರ್ ಇನ್ನೊಂದು ಗೋಲು ಹೊಡೆಯಿತು. ಭಾರತ 2–1ರಿಂದ ಸೋತಿತು, ಮೂರನೇ ಸುತ್ತಿಗೆ ಕುವೈತ್ ಹೋಯಿತು.

ಟಿ.ವಿ. ನೋಡುತ್ತಿದ್ದ ಪ್ರತಿಯೊಬ್ಬರಿಗೂ ಚೆಂಡು ಹೊರಗೆ ಹೋದದ್ದು ಕಂಡಿತ್ತು. ಕಾಣದೆ ಉಳಿದದ್ದು ತೀರ್ಪು ಕೊಡಬೇಕಾದವರಿಗೆ ಮಾತ್ರ. ಏಷ್ಯಾದ ಅರ್ಹತಾ ಪಂದ್ಯಗಳ ಆ ಸುತ್ತಿನಲ್ಲಿ ವಿಎಆರ್, ಅಂದರೆ ವಿಡಿಯೊ ನೋಡಿ ರೆಫರಿಗೆ ನೆರವಾಗುವ ವ್ಯವಸ್ಥೆ, ಇರಲಿಲ್ಲ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ದೂರು ಕೊಟ್ಟಿತು, ತನಿಖೆ ಕೇಳಿತು. ಫಲಿತಾಂಶ ಮಾತ್ರ ಬದಲಾಗಲಿಲ್ಲ.

ನನ್ನನ್ನು ಇವತ್ತಿಗೂ ಕಾಡುವುದು ಇನ್ನೊಂದು ಸಂಗತಿ. ಇದಕ್ಕೆ ಒಂದೂವರೆ ವರ್ಷದ ಹಿಂದೆ, 2022ರ ಡಿಸೆಂಬರ್ 1ರಂದು, ಅದೇ ದೋಹಾ ಸೀಮೆಯ ಖಲೀಫಾ ಕ್ರೀಡಾಂಗಣದಲ್ಲಿ ಇದೇ ಪ್ರಶ್ನೆ ಎದ್ದಿತ್ತು. ಸ್ಪೇನ್ ವಿರುದ್ಧದ ವಿಶ್ವಕಪ್ ಪಂದ್ಯದಲ್ಲಿ ಜಪಾನಿನ ಮಿತೋಮಾ ಗೆರೆಯ ಅಂಚಿನಿಂದ ಒಳಗೆ ತಳ್ಳಿದ ಚೆಂಡನ್ನು ತನಾಕಾ ಗೋಲಾಗಿಸಿದರು. ಬರಿಗಣ್ಣಿಗೆ ಚೆಂಡು ಹೊರಗೆ ಹೋದಂತೆಯೇ ಕಾಣುತ್ತಿತ್ತು, ಅಂಕಣದಲ್ಲಿ ಗೋಲು ಇಲ್ಲ ಎಂದೇ ತೀರ್ಪು ಬಂದಿತ್ತು. ವಿಎಆರ್ ಕೋಣೆಯಲ್ಲಿದ್ದವರು ಗೋಲ್‌ಲೈನ್ ಕ್ಯಾಮೆರಾದ ಚಿತ್ರ ತೆಗೆದು ನೋಡಿದರು. ಚೆಂಡಿನ ಉಬ್ಬು ಗೆರೆಯ ಮೇಲೆ ಕೂದಲೆಳೆಯಷ್ಟು ಇನ್ನೂ ಉಳಿದಿತ್ತು. ಗೋಲು ಸಿಂಧುವಾಯಿತು, ಜಪಾನ್ ಗೆದ್ದಿತು, ಜರ್ಮನಿ ಮನೆಗೆ ಹೋಯಿತು. ಜಪಾನಿಗೆ ಸಿಕ್ಕಿದ ಆ ಒಂದು ನೋಟ ಭಾರತಕ್ಕೆ ಸಿಗಲಿಲ್ಲ.

ಇಲ್ಲಿಗೇ ನಿಲ್ಲಿಸಿ ‘ತಂತ್ರಜ್ಞಾನ ಬೇಕು’ ಎಂದುಬಿಟ್ಟರೆ ಅರ್ಧ ಸತ್ಯ ಹೇಳಿದ ಹಾಗೆ. ಫುಟ್‌ಬಾಲಿನಲ್ಲಿ ಈಗ ತೀರ್ಪುಗಾರರಿಗೆ ನೆರವಾಗುವುದು ಒಂದು ತಂತ್ರಜ್ಞಾನವಲ್ಲ, ಎರಡು. ಒಂದು, ಮನುಷ್ಯ ವಿಡಿಯೊ ನೋಡಿ ಹೇಳುವುದು. ಇನ್ನೊಂದು, ಯಂತ್ರ ತಾನೇ ಅಳೆದು ಹೇಳುವುದು. ಇವೆರಡೂ ಒಂದೇ ಮಾತಾಡಿದರೆ ತೊಂದರೆಯಿಲ್ಲ. ಬೇರೆ ಬೇರೆ ಮಾತಾಡಿದಾಗ, ಅಥವಾ ಒಂದು ಸುಮ್ಮನಿದ್ದುಬಿಟ್ಟಾಗ, ಕೊನೆಯ ಮಾತು ಯಾರದು ಎಂಬುದನ್ನು ಆಟ ಇನ್ನೂ ಸರಿಯಾಗಿ ತೀರ್ಮಾನಿಸಿಕೊಂಡಿಲ್ಲ.

ಇದು ಅತ್ಯಂತ ನಿಚ್ಚಳವಾಗಿ ಬಯಲಾದದ್ದು 2020ರ ಜೂನ್ 17ರಂದು, ಬರ್ಮಿಂಗ್‌ಹ್ಯಾಮಿನ ವಿಲ್ಲಾ ಪಾರ್ಕ್‌ನಲ್ಲಿ. ಕೋವಿಡ್ ಲಾಕ್‌ಡೌನ್ ಮುಗಿದು ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಮತ್ತೆ ಶುರುವಾದ ಮೊದಲ ಪಂದ್ಯ, ಖಾಲಿ ಗ್ಯಾಲರಿ. ಶೆಫೀಲ್ಡ್ ಯುನೈಟೆಡ್‌ನ ಫ್ರೀ ಕಿಕ್ ಒಂದನ್ನು ಆಸ್ಟನ್ ವಿಲ್ಲಾದ ಗೋಲ್‌ಕೀಪರ್ ನೈಲಾಂಡ್ ಎರಡೂ ಕೈಯಲ್ಲಿ ಹಿಡಿದರು. ಹಿಡಿದ ರಭಸಕ್ಕೆ, ಮೈಮೇಲೆ ಬಿದ್ದ ತಮ್ಮದೇ ತಂಡದವನ ಒತ್ತಡಕ್ಕೆ, ಚೆಂಡಿನೊಂದಿಗೆ ಗೆರೆಯ ಹಿಂದಕ್ಕೆ ಸರಿದು ಕಂಬಕ್ಕೆ, ಬಲೆಗೆ ಒರಗಿದರು. ಚೆಂಡು ಪೂರ್ತಿ ಒಳಗಿತ್ತು. ರೆಫರಿ ಮೈಕೆಲ್ ಆಲಿವರ್ ಕೈಗಡಿಯಾರ ತೋರಿಸಿದರು: ಅದು ಕಂಪಿಸಿಲ್ಲ, ಹಾಗಾಗಿ ಗೋಲಿಲ್ಲ.

ಆ ಗಡಿಯಾರ ಕಂಪಿಸುವ ಬಗೆ ಹೀಗೆ. ಒಂದೊಂದು ಗೋಲಿಗೂ ಏಳೇಳು ಕ್ಯಾಮೆರಾಗಳು ಕ್ರೀಡಾಂಗಣದ ಎತ್ತರದಲ್ಲಿ ಬೇರೆ ಬೇರೆ ಕೋನಗಳಿಂದ ಗುರಿಯಿಟ್ಟು ಕೂತಿರುತ್ತವೆ. ಎಲ್ಲದರ ನೋಟವನ್ನೂ ಕೂಡಿಸಿ ಕಂಪ್ಯೂಟರ್ ಚೆಂಡು ಎಲ್ಲಿದೆಯೆಂದು ಲೆಕ್ಕ ಹಾಕುತ್ತದೆ. ಚೆಂಡು ಪೂರ್ತಿ ಗೆರೆ ದಾಟಿದ ಒಂದು ಸೆಕೆಂಡಿನೊಳಗೆ ರೆಫರಿಯ ಗಡಿಯಾರಕ್ಕೆ ಸಂದೇಶ ಹೋಗಬೇಕು. ಮನುಷ್ಯರ ಕೈವಾಡ ನಡುವೆ ಎಲ್ಲೂ ಇಲ್ಲ. ಅವತ್ತು ಗೋಲ್‌ಕೀಪರ್, ಡಿಫೆಂಡರ್ ಮತ್ತು ಕಂಬ ಮೂರೂ ಸೇರಿ ಏಳು ಕ್ಯಾಮೆರಾಗಳಿಗೂ ಚೆಂಡನ್ನು ಮರೆಮಾಡಿಬಿಟ್ಟಿದ್ದವು. ವ್ಯವಸ್ಥೆ ನಡೆಸುವ ಹಾಕ್-ಐ ಕಂಪನಿ ಕ್ಷಮೆ ಕೇಳಿತು. 9,000ಕ್ಕೂ ಹೆಚ್ಚು ಪಂದ್ಯಗಳಲ್ಲಿ ಹೀಗಾದದ್ದು ಇದೇ ಮೊದಲು ಎಂದು ಹೇಳಿತು.

ಯಂತ್ರಕ್ಕೆ ಚೆಂಡು ಕಾಣದೇ ಇದ್ದದ್ದು ಅಪಘಾತ. ಅದನ್ನು ಒಪ್ಪಬಹುದು. ಆದರೆ ಅಲ್ಲೇ ವಿಎಆರ್ ಕೂಡ ಇತ್ತು. ವಿಡಿಯೊ ಮುಂದೆ ಒಬ್ಬ ಅನುಭವಿ ರೆಫರಿ ಕೂತಿದ್ದರು. ಟಿ.ವಿ. ಮರುಪ್ರಸಾರದಲ್ಲಿ ಗೋಲು ಸ್ಪಷ್ಟವಾಗಿ ಕಾಣುತ್ತಿತ್ತು. ನಿಯಮದ ಪ್ರಕಾರ ಮಧ್ಯೆ ಪ್ರವೇಶಿಸುವ ಅವಕಾಶವೂ ಇತ್ತು. ಆದರೂ ಪ್ರವೇಶಿಸಲಿಲ್ಲ, ಏಕೆಂದರೆ ಗೋಲ್‌ಲೈನ್ ವಿಷಯ ಯಂತ್ರದ ಸುಪರ್ದಿ ಎಂಬ ನಂಬಿಕೆ ಅಷ್ಟು ಗಟ್ಟಿಯಾಗಿತ್ತು. ಯಂತ್ರ ‘ಗೋಲಲ್ಲ’ ಎಂದು ಹೇಳಿರಲಿಲ್ಲ. ಅದು ಏನನ್ನೂ ಹೇಳಿರಲಿಲ್ಲ. ಆ ಮೌನವನ್ನೇ ಎಲ್ಲರೂ ಉತ್ತರವೆಂದು ಓದಿಕೊಂಡರು. ಪಂದ್ಯ 0–0. ಋತುವಿನ ಕೊನೆಯಲ್ಲಿ ವಿಲ್ಲಾ 35 ಅಂಕ ಗಳಿಸಿ ಲೀಗಿನಲ್ಲಿ ಉಳಿಯಿತು, 34 ಅಂಕದ ಬೋರ್ನ್‌ಮತ್ ಕೆಳಗಿನ ದರ್ಜೆಗೆ ಇಳಿಯಿತು. ಉಳಿದೆಲ್ಲವೂ ಹಾಗೆಯೇ ನಡೆದು, ವಿಲ್ಲಾ ಆ ಪಂದ್ಯ ಸೋತಿದ್ದರೆ, ಗೋಲು ವ್ಯತ್ಯಾಸದ ಲೆಕ್ಕದಲ್ಲಿ ಇಳಿಯಬೇಕಾದದ್ದು ವಿಲ್ಲಾ.

2022ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ಕೆಳ ದರ್ಜೆಯ ಹಡರ್ಸ್‌ಫೀಲ್ಡ್–ಬ್ಲ್ಯಾಕ್‌ಪೂಲ್ ಪಂದ್ಯದಲ್ಲಿ ಮತ್ತೆ ಹಾಗೇ ಆಯಿತು. ಆ ದರ್ಜೆಯ ಲೀಗಿನಲ್ಲಿ ವಿಎಆರ್ ಇರಲಿಲ್ಲ, ಹಾಗಾಗಿ ಯಂತ್ರ ತಪ್ಪಿದರೆ ನೋಡುವವರೇ ಇರಲಿಲ್ಲ. ವಿಲ್ಲಾ ಪಾರ್ಕ್‌ನಲ್ಲಿ ನೋಡುವವರಿದ್ದೂ ನೋಡಲಿಲ್ಲ. ನನ್ನ ದೃಷ್ಟಿಯಲ್ಲಿ ವಿಲ್ಲಾ ಪಾರ್ಕಿನದೇ ದೊಡ್ಡ ತಪ್ಪು.

ಯಂತ್ರ ಸರಿಯಾಗಿ ಹೇಳಿದರೂ ಗೊಂದಲ ಆದದ್ದುಂಟು. 2014ರಲ್ಲಿ ಬ್ರೆಜಿಲ್ ವಿಶ್ವಕಪ್‌ನಲ್ಲಿ ಗೋಲ್‌ಲೈನ್ ತಂತ್ರಜ್ಞಾನ ಮೊದಲ ಬಾರಿಗೆ ಬಂದಾಗ ಫ್ರಾನ್ಸ್–ಹೊಂಡುರಾಸ್ ಪಂದ್ಯದಲ್ಲಿ ಬೆಂಜೆಮಾ ಹೊಡೆದ ಚೆಂಡು ಕಂಬಕ್ಕೆ ಬಡಿದು, ಗೋಲ್‌ಕೀಪರ್ ವಲ್ಲಾದಾರೆಸ್ ಕೈಗೆ ತಾಗಿ ಗೆರೆ ದಾಟಿತು. ದೊಡ್ಡ ಪರದೆಯಲ್ಲಿ ಮೊದಲು ‘ಗೋಲಲ್ಲ’ ಎಂದು ಬಂತು, ಮರುಕ್ಷಣ ‘ಗೋಲು’ ಎಂದು ಬಂತು. ಮೊದಲನೆಯದು ಕಂಬಕ್ಕೆ ಬಡಿದ ಗಳಿಗೆಯದು, ಎರಡನೆಯದು ಗೋಲ್‌ಕೀಪರ್‌ಗೆ ತಾಗಿದ ಮೇಲಿನದು. ಎರಡೂ ಸರಿ. ಆದರೆ ಹಾಗೆಂದು ಯಾರೂ ವಿವರಿಸಲಿಲ್ಲ, ಹೊಂಡುರಾಸ್ ಕೋಚ್ ಸಿಟ್ಟಾದರು, ಪ್ರೇಕ್ಷಕರು ಕೂಗಾಡಿದರು.

ನಾನಿರುವ ಪುಣೆಯ ಮಗರಪಟ್ಟಾ ಟೌನ್‌ಶಿಪ್ಪಿನಲ್ಲಿ ಐಟಿ ಕೆಲಸಕ್ಕೆ ಬಂದ ಕನ್ನಡಿಗರಿಗೆ ಕೊರತೆಯಿಲ್ಲ. ವಾರದ ಕೊನೆಗೆ ಟರ್ಫ್ ಬಾಡಿಗೆ ಹಿಡಿದು ಆಡುವವರೂ ಬಹಳ. ಅಂಥ ಒಂದು ಆಟದಲ್ಲಿ ಕಂಡದ್ದನ್ನು ಹೇಳಬೇಕು, ಏಕೆಂದರೆ ಇಡೀ ಸಮಸ್ಯೆಯ ಜ್ಯಾಮಿತಿ ಅದರಲ್ಲಿದೆ. ಚೆಂಡು ಗೋಲ್‌ಕೀಪರ್ ಮೊಣಕಾಲಿಗೆ ತಾಗಿ ಗೆರೆಯ ಮೇಲೋ ಒಳಗೋ ಬಿದ್ದು ಹೊರಬಂತು. ಎರಡು ಫೋನ್‌ಗಳಲ್ಲಿ ವಿಡಿಯೊ ಆಗಿತ್ತು. ಮಂಗಳೂರಿನ ಗೆಳೆಯ ತನ್ನ ಫೋನ್ ಹಿಡಿದು ಬಂದ: “ಮಾರಾಯ, ಇಲ್ಲಿ ನೋಡು, ಬಾಲು ಫುಲ್ ಒಳಗೆ ಹೋಗಿದೆ.” ಹುಬ್ಬಳ್ಳಿಯವನು ಇನ್ನೊಂದು ಫೋನ್ ಮುಂದೆ ಚಾಚಿದ: “ಎಲ್ಲಿ ಒಳಗ ಹೋಗೇತಿ? ಗೆರಿ ಮ್ಯಾಲೇ ಐತಿ, ಸರಿಯಾಗಿ ನೋಡ.” ರೆಫರಿಯಾಗಿದ್ದ ಮರಾಠಿ ಹುಡುಗ ‘ಥಾಂಬಾ, ಥಾಂಬಾ’ ಎನ್ನುತ್ತಾ ಎರಡನ್ನೂ ನಿಲ್ಲಿಸಿ ನಿಲ್ಲಿಸಿ ನೋಡಿದ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಒಂದು ಫೋನ್ ಅಂಕಣದ ಮಧ್ಯದ ಕಡೆಯಿಂದ ಓರೆಯಾಗಿ ಹಿಡಿದದ್ದು, ಇನ್ನೊಂದು ಗೋಲಿನ ಹಿಂದಿನಿಂದ ಹಿಡಿದದ್ದು.

ಫುಟ್‌ಬಾಲ್ ಚೆಂಡಿನ ಅಡ್ಡಳತೆ ಸುಮಾರು 22 ಸೆಂಟಿಮೀಟರ್. ಇಡೀ ಚೆಂಡು ಗೆರೆ ದಾಟಬೇಕೆಂಬುದು ನಿಯಮ. ಹುಲ್ಲಿಗೆ ತಾಗುವುದು ಚೆಂಡಿನ ತಳದ ನಡುಬಿಂದು ಮಾತ್ರ. ಅದರ ಹೊಟ್ಟೆ ಎಲ್ಲ ದಿಕ್ಕಿಗೂ 11 ಸೆಂಟಿಮೀಟರ್ ಚಾಚಿರುತ್ತದೆ. ಅಂದರೆ ಚೆಂಡು ನೆಲ ಮುಟ್ಟಿದ ಜಾಗ ಗೆರೆಯಿಂದ ಹತ್ತು ಸೆಂಟಿಮೀಟರ್ ಆಚೆ ಇದ್ದರೂ ಮೇಲಿನಿಂದ ನೋಡಿದರೆ ಚೆಂಡು ಗೆರೆಯ ಮೇಲೇ ಇರುತ್ತದೆ. ಓರೆಯಿಂದ ನೋಡುವವರಿಗೆ ಚೆಂಡು ಮತ್ತು ಗೆರೆಯ ನಡುವೆ ಹಸಿರು ಹುಲ್ಲು ಕಾಣುತ್ತದೆ, ‘ಹೋಯಿತು’ ಎನ್ನುತ್ತಾರೆ. ಜಪಾನಿನ ಗೋಲಿಗೆ ಜಗತ್ತೇ ಕೂಗಾಡಿದ್ದು ಇದೇ ಕಾರಣಕ್ಕೆ. ಗೆರೆಯ ನೇರಕ್ಕೆ ಇಟ್ಟ ಕ್ಯಾಮೆರಾ ಇಲ್ಲದೆ ಎಷ್ಟು ವಿಡಿಯೊ ನೋಡಿದರೂ ಇಂಥ ಪ್ರಶ್ನೆಗೆ ನಂಬಬಹುದಾದ ಉತ್ತರ ಸಿಗುವುದಿಲ್ಲ. ಮತ್ತೆ ದೋಹಾದಲ್ಲಿ ಭಾರತಕ್ಕೆ ಆದದ್ದು ಈ ಕೂದಲೆಳೆಯ ಪ್ರಶ್ನೆಯೂ ಅಲ್ಲ, ಚೆಂಡು ನಿಸ್ಸಂದೇಹವಾಗಿ ಹೊರಗಿತ್ತು.

ಆಫ್‌ಸೈಡ್ ವಿಷಯದಲ್ಲಿ ಯಂತ್ರ ಮತ್ತು ವಿಡಿಯೊಗಳ ತಿಕ್ಕಾಟ ಇನ್ನೂ ಆಳದ್ದು. ಮೊದಲು ವಿಎಆರ್ ಕೋಣೆಯವರು ವಿಡಿಯೊ ನಿಲ್ಲಿಸಿ, ಪಾಸ್ ಕೊಟ್ಟ ಗಳಿಗೆಯ ಚಿತ್ರ ಆರಿಸಿ, ಕೈಯಾರೆ ಗೆರೆ ಎಳೆಯುತ್ತಿದ್ದರು. ಸೆಕೆಂಡಿಗೆ 50 ಚಿತ್ರ ಹಿಡಿಯುವ ವಿಡಿಯೊದಲ್ಲಿ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ಸೆಕೆಂಡಿನ ಐವತ್ತನೇ ಒಂದು ಭಾಗದ ಅಂತರ. ಸೆಕೆಂಡಿಗೆ ಎಂಟು ಮೀಟರ್ ಓಡುವ ಆಟಗಾರ ಅಷ್ಟರಲ್ಲೇ 16 ಸೆಂಟಿಮೀಟರ್ ಮುಂದೆ ಹೋಗಿರುತ್ತಾನೆ. ಡಿಫೆಂಡರ್ ಎದುರು ದಿಕ್ಕಿಗೆ ಓಡುತ್ತಿದ್ದರೆ ವ್ಯತ್ಯಾಸ ಇಮ್ಮಡಿ. ಯಾವ ಚಿತ್ರದಲ್ಲಿ ನಿಲ್ಲಿಸಿದರು ಎಂಬುದರ ಮೇಲೆಯೇ ತೀರ್ಪು ನಿಲ್ಲುತ್ತಿತ್ತು. ಇದಕ್ಕೆ ಉತ್ತರವಾಗಿ ಬಂದದ್ದು ಅರೆ-ಸ್ವಯಂಚಾಲಿತ ಆಫ್‌ಸೈಡ್ ವ್ಯವಸ್ಥೆ. 2022ರ ಕತಾರ್ ವಿಶ್ವಕಪ್‌ನಲ್ಲಿ ಛಾವಣಿಯಡಿಯ 12 ಕ್ಯಾಮೆರಾಗಳು ಪ್ರತಿ ಆಟಗಾರನ ಮೈಯ 29 ಬಿಂದುಗಳನ್ನು ಸೆಕೆಂಡಿಗೆ 50 ಬಾರಿ ಗುರುತಿಸುತ್ತಿದ್ದವು. ಚೆಂಡಿನೊಳಗಿನ ಸೆನ್ಸರ್ ಸೆಕೆಂಡಿಗೆ 500 ಬಾರಿ ಮಾಹಿತಿ ಕಳಿಸಿ ಒದ್ದ ಗಳಿಗೆಯನ್ನು ಹಿಡಿದುಕೊಡುತ್ತಿತ್ತು. ಉದ್ಘಾಟನಾ ಪಂದ್ಯದ ಮೂರನೇ ನಿಮಿಷದಲ್ಲೇ ಈಕ್ವೆಡಾರಿನ ವೆಲೆನ್ಸಿಯಾ ಗೋಲು ಆಫ್‌ಸೈಡ್ ಆಗಿ ರದ್ದಾಯಿತು.

ನಾನಿದನ್ನು ವಿರೋಧಿಸುವುದಿಲ್ಲ. ಕೈಯಿಂದ ಗೆರೆ ಎಳೆಯುವುದಕ್ಕಿಂತ ಇದು ನೂರು ಪಾಲು ಮೇಲು. ಆದರೆ ಯಂತ್ರಕ್ಕೆ ಲೆಕ್ಕ ಸಿಗದಾಗ ಏನಾಗುತ್ತದೆ ಎಂಬುದನ್ನು 2025ರ ಮಾರ್ಚ್ 1ರಂದು ಇಂಗ್ಲೆಂಡ್ ನೋಡಿತು. ಎಫ್‌ಎ ಕಪ್‌ನ ಬೋರ್ನ್‌ಮತ್–ವುಲ್ವ್ಸ್ ಪಂದ್ಯದಲ್ಲಿ ಕೆರ್ಕೆಜ್ ಗೋಲಿನ ಪರಿಶೀಲನೆ ಸುಮಾರು ಎಂಟು ನಿಮಿಷ ಎಳೆಯಿತು. ಗೋಲಿನ ಮುಂದೆ ಆಟಗಾರರು ಗುಂಪುಗೂಡಿದ್ದರಿಂದ ಯಂತ್ರಕ್ಕೆ ಯಾರ ಕಾಲು ಯಾರದೆಂದು ಬಿಡಿಸಿ ನೋಡಲಾಗಲಿಲ್ಲ, ಮತ್ತೆ ಕೈಗೆರೆಗೆ ಮರಳಬೇಕಾಯಿತು. ಜನ ಚಳಿಯಲ್ಲಿ ಕೂತು ಕಾದರು. ವಿಲ್ಲಾ ಪಾರ್ಕ್‌ನ ಹಾಗೇ ಇಲ್ಲೂ ಕಣ್ಣಿಗೆ ಮರೆಯಾದದ್ದೇ ಕಾರಣ. ಒಂದು ವ್ಯತ್ಯಾಸವುಂಟು: ಇಲ್ಲಿ ಯಂತ್ರ ತನಗೆ ಆಗುತ್ತಿಲ್ಲವೆಂದು ತಿಳಿಸಿತು, ಮನುಷ್ಯರು ಕೆಲಸ ತೆಗೆದುಕೊಂಡರು. ತಡವಾಯಿತು, ಬೇಸರವಾಯಿತು, ಆದರೂ ಆದದ್ದು ಸರಿಯಾದ ಕ್ರಮ.

ಯಂತ್ರ ಎಷ್ಟು ಖಚಿತವೆಂದು ಹೇಳಿಕೊಳ್ಳಬೇಕು ಎಂಬುದು ಮುಂದಿನ ಪ್ರಶ್ನೆ. 2024ರ ಜೂನ್ 29ರಂದು ಡಾರ್ಟ್‌ಮುಂಡ್‌ನಲ್ಲಿ ಯೂರೋ ಕಪ್‌ನ ಜರ್ಮನಿ–ಡೆನ್ಮಾರ್ಕ್ ಪಂದ್ಯ. ಡೆನ್ಮಾರ್ಕಿನ ಆಂಡರ್ಸನ್ ಹೊಡೆದ ಗೋಲು ಡೆಲೇನಿಯ ಕಾಲ್ಬೆರಳ ತುದಿ ಆಫ್‌ಸೈಡ್ ಎಂದು ರದ್ದಾಯಿತು. ಸ್ವಲ್ಪವೇ ಹೊತ್ತಿನಲ್ಲಿ ಅದೇ ಆಂಡರ್ಸನ್ ಕೈಗೆ ಚೆಂಡು ಸವರಿತೆಂದು ಚೆಂಡಿನ ಸೆನ್ಸರ್ ತೋರಿಸಿ, ಜರ್ಮನಿಗೆ ಪೆನಾಲ್ಟಿ ಸಿಕ್ಕಿತು. ಡೆನ್ಮಾರ್ಕ್ ಕೋಚ್ ಹ್ಯುಲ್ಮಂಡ್ ಪಂದ್ಯದ ನಂತರ ಆ ಆಫ್‌ಸೈಡ್ ಚಿತ್ರ ಹಿಡಿದುಕೊಂಡೇ ಪತ್ರಕರ್ತರ ಮುಂದೆ ಬಂದರು. ಸೆನ್ಸರ್ ತಾಗಿತೆಂದಷ್ಟೇ ಹೇಳುತ್ತದೆ. ಕೈ ಸಹಜ ಸ್ಥಿತಿಯಲ್ಲಿತ್ತೇ, ತಪ್ಪು ಶಿಕ್ಷಾರ್ಹವೇ ಎಂದು ಹೇಳುವುದು ಅದರ ಕೆಲಸವಲ್ಲ. ಆದರೆ ಪರದೆಯ ಮೇಲೆ ಹೃದಯಬಡಿತದಂತೆ ಗೆರೆ ಏರಿಳಿದದ್ದು ಕಂಡಮೇಲೆ, ರೆಫರಿಗೆ ಬೇರೆ ಮಾತು ಹೇಳುವ ಧೈರ್ಯ ಎಲ್ಲಿಂದ ಬರಬೇಕು?

ಕ್ರಿಕೆಟ್ ಈ ಗಂಟನ್ನು ನಮ್ಮ ಕಣ್ಣೆದುರೇ ಬಿಡಿಸಿಕೊಂಡಿದೆ, ಅದರಲ್ಲಿ ನಮ್ಮ ಅನಿಲ್ ಕುಂಬ್ಳೆಯವರ ಪಾಲು ದೊಡ್ಡದು. 2008ರ ಜುಲೈನಲ್ಲಿ ಕೊಲಂಬೊದಲ್ಲಿ ತೀರ್ಪು ಮರುಪರಿಶೀಲನೆ (ಡಿಆರ್‌ಎಸ್) ಮೊದಲ ಸಲ ಪ್ರಯೋಗಕ್ಕೆ ಬಂದಾಗ ಭಾರತದ ನಾಯಕ ಅವರೇ. ಭಾರತದ ಮನವಿಗಳು ಬಹುಪಾಲು ವ್ಯರ್ಥವಾದವು, ಮುಂದೆ ಎಂಟು ವರ್ಷ ಭಾರತ ತನ್ನ ದ್ವಿಪಕ್ಷೀಯ ಸರಣಿಗಳಲ್ಲಿ ಡಿಆರ್‌ಎಸ್ ಅನ್ನು ಪೂರ್ತಿಯಾಗಿ ಒಪ್ಪಲಿಲ್ಲ. ಅದೇ ಕುಂಬ್ಳೆ ಐಸಿಸಿ ಕ್ರಿಕೆಟ್ ಸಮಿತಿಯ ಅಧ್ಯಕ್ಷರಾದ ಮೇಲೆ ಚೆಂಡಿನ ಜಾಡು ಹಿಡಿಯುವ ತಂತ್ರಜ್ಞಾನವನ್ನು ಅಮೆರಿಕದ ಎಂಐಟಿಯಲ್ಲಿ ಪರೀಕ್ಷೆಗೆ ಒಡ್ಡಲಾಯಿತು. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದ ಮನುಷ್ಯ, ಅಲ್ಲಿಗೆ ಹೋಗಿ ಕಣ್ಣಾರೆ ನೋಡಿ ಬಂದರು. 2016ರ ನವೆಂಬರ್‌ನಲ್ಲಿ ಇಂಗ್ಲೆಂಡ್ ವಿರುದ್ಧದ ಸರಣಿಯಲ್ಲಿ ಭಾರತ ಡಿಆರ್‌ಎಸ್ ಒಪ್ಪಿತು. ಆ ಡಿಆರ್‌ಎಸ್‌ನ ಜೀವಾಳ ‘ಅಂಪೈರ್ಸ್ ಕಾಲ್’. ಚೆಂಡಿನ ಅರ್ಧಕ್ಕಿಂತ ಕಡಿಮೆ ಭಾಗ ಸ್ಟಂಪಿಗೆ ತಾಗುತ್ತಿತ್ತೆಂದು ಯಂತ್ರ ತೋರಿಸಿದರೆ, ಅಷ್ಟು ಅಂಚಿನಲ್ಲಿ ತನ್ನ ಲೆಕ್ಕವನ್ನು ಪೂರ್ತಿ ನಂಬಬೇಡಿ ಎಂದು ಯಂತ್ರವೇ ಒಪ್ಪಿಕೊಂಡಂತೆ. ಅಂಪೈರ್ ಮೊದಲು ಕೊಟ್ಟ ತೀರ್ಪೇ ಉಳಿಯುತ್ತದೆ. ಕೊಹ್ಲಿ ಸೇರಿದಂತೆ ಹಲವರು ಇದನ್ನು ಟೀಕಿಸಿದ್ದಾರೆ. 2021ರಲ್ಲಿ ಕುಂಬ್ಳೆ ಸಮಿತಿ ಮರುಪರಿಶೀಲಿಸಿ ಉಳಿಸಿಕೊಂಡಿತು. ಉಳಿಸಿಕೊಂಡದ್ದು ಸರಿ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಫುಟ್‌ಬಾಲಿಗೆ ಹಾಕ್-ಐ ಬಂದದ್ದೇ ಕ್ರಿಕೆಟ್ ಪ್ರಸಾರದ ಹಾದಿಯಿಂದ, 2001ರಲ್ಲಿ ಅದು ಮೊದಲು ಕಾಣಿಸಿದ್ದು ಅಲ್ಲಿ. ಯಂತ್ರ ಬಂತು, ಅದರ ಜೊತೆ ಬೆಳೆದ ವಿನಯ ಬರಲಿಲ್ಲ. ಪ್ರೀಮಿಯರ್ ಲೀಗ್ 2021–22ರ ಋತುವಿನಿಂದ ಆಫ್‌ಸೈಡ್ ಗೆರೆಗಳನ್ನು ದಪ್ಪ ಮಾಡಿ, ಒಂದಕ್ಕೊಂದು ತಾಗಿದರೆ ಲಾಭ ಆಕ್ರಮಣ ಮಾಡುವವನಿಗೆ ಎಂದಿತು. ಇದು ಅಂಪೈರ್ಸ್ ಕಾಲ್‌ಗೆ ಹತ್ತಿರದ ವಿವೇಕ. ಯೂರೋ ಕಪ್‌ನಲ್ಲಿ ಅದಿದ್ದಿದ್ದರೆ ಡೆನ್ಮಾರ್ಕಿನ ಗೋಲು ಉಳಿಯಬಹುದಿತ್ತು.

ಈಗ ನಮ್ಮ ಅಂಕಣಕ್ಕೆ ಬರೋಣ. ಭಾರತದ ನೆಲಕ್ಕೆ ವಿಎಆರ್ ಕಾಲಿಟ್ಟದ್ದು ಗಂಡಸರ ಪಂದ್ಯಗಳಿಂದಲ್ಲ. 2022ರ ಜನವರಿ–ಫೆಬ್ರುವರಿಯಲ್ಲಿ ಮುಂಬೈ, ನವಿ ಮುಂಬೈ, ಪುಣೆಗಳಲ್ಲಿ ನಡೆದ ಮಹಿಳಾ ಏಷ್ಯಾ ಕಪ್‌ನಲ್ಲಿ ಕ್ವಾರ್ಟರ್ ಫೈನಲ್‌ನಿಂದ ವಿಎಆರ್ ಇತ್ತು. ಜನವರಿ 30ರಂದು ಇಲ್ಲಿಯ ಬಾಲೇವಾಡಿ ಕ್ರೀಡಾಂಗಣದಲ್ಲಿ ಕೊರಿಯಾ ಆಸ್ಟ್ರೇಲಿಯಾವನ್ನು 1–0ರಿಂದ ಮನೆಗೆ ಕಳಿಸಿತು. ಚೀನಾ–ಜಪಾನ್ ಸೆಮಿಫೈನಲ್ 2–2 ಆಗಿ ಪೆನಾಲ್ಟಿಗೆ ಹೋದದ್ದೂ ಅಲ್ಲೇ. ಅಂದರೆ ಕ್ರೀಡಾಂಗಣ, ಕೇಬಲ್, ಕ್ಯಾಮೆರಾ, ಕೋಣೆ ಎಲ್ಲವನ್ನೂ ಇಲ್ಲಿ ಹೊಂದಿಸಲು ಸಾಧ್ಯ ಎಂಬುದು ಪುಣೆಯಲ್ಲೇ ಸಾಬೀತಾಗಿದೆ. ಟೂರ್ನಿ ಮುಗಿದ ಮೇಲೆ ನಮ್ಮ ಲೀಗ್‌ಗಳಿಗೆ ಅದು ಉಳಿಯಲಿಲ್ಲ.

ಮರುವರ್ಷ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವದಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಪ್ಲೇಆಫ್. ಹೆಚ್ಚುವರಿ ಅವಧಿಯಲ್ಲಿ ಕೇರಳ ಬ್ಲಾಸ್ಟರ್ಸ್ ಗೋಡೆ ಕಟ್ಟುವ ಮೊದಲೇ ಬೆಂಗಳೂರು ತಂಡದ ಛೆಟ್ರಿ ಫ್ರೀ ಕಿಕ್ ಹೊಡೆದು ಗೋಲು ಗಳಿಸಿದರು. ರೆಫರಿ ಕ್ರಿಸ್ಟಲ್ ಜಾನ್ ಒಪ್ಪಿದರು. ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮನೊವಿಚ್ ತಂಡವನ್ನೇ ಹೊರಗೆ ಕರೆದೊಯ್ದರು. ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ 10 ಪಂದ್ಯಗಳ ನಿಷೇಧ. ಅಂದಿನಿಂದ ‘ವಿಎಆರ್ ತನ್ನಿ’ ಎಂಬ ಕೂಗು ಜೋರಾಯಿತು, ಫೆಡರೇಷನ್ ಅಧ್ಯಕ್ಷ ಕಲ್ಯಾಣ್ ಚೌಬೆ ಕಡಿಮೆ ಖರ್ಚಿನ ‘ವಿಎಆರ್ ಲೈಟ್’ ಮಾತಾಡಿದರು. ಆದರೆ ಆ ಗೋಲಿನ ವಿವಾದಕ್ಕೆ ವಿಎಆರ್‌ನಲ್ಲಿ ಉತ್ತರವೇ ಇರಲಿಲ್ಲ. ಆಗಿನ ನಿಯಮದಂತೆ ವಿಎಆರ್ ನೋಡುತ್ತಿದ್ದುದು ಗೋಲು, ಪೆನಾಲ್ಟಿ, ನೇರ ಕೆಂಪು ಕಾರ್ಡ್, ತಪ್ಪು ಆಟಗಾರನಿಗೆ ಶಿಕ್ಷೆ, ಇಷ್ಟನ್ನೇ. ಗೋಲು ಪರಿಶೀಲಿಸುವಾಗಲೂ ಆಫ್‌ಸೈಡ್, ಫೌಲ್, ಚೆಂಡು ಹೊರಹೋದದ್ದು ಇಂಥವನ್ನು ನೋಡಬಹುದು. ರೆಫರಿ ಫ್ರೀ ಕಿಕ್‌ಗೆ ಅನುಮತಿ ಕೊಟ್ಟರೋ, ಸೀಟಿಗೆ ಕಾಯಿರಿ ಎಂದರೋ ಎಂಬುದು ರೆಫರಿ ಮತ್ತು ಆಟಗಾರರ ನಡುವಿನ ಮಾತು. ಅದನ್ನು ಯಾವ ಸೆನ್ಸರ್ ಅಳೆಯುತ್ತದೆ?

ನಮಗೆ ಸೆನ್ಸರ್ ಇಟ್ಟ ಚೆಂಡು, ಛಾವಣಿಯಡಿ 12 ಕ್ಯಾಮೆರಾ ಸದ್ಯಕ್ಕೆ ಬೇಡ. ಕ್ಯಾಮೆರಾ ಕಡಿಮೆ ಇರುವ ಲೀಗ್‌ಗಳಿಗಾಗಿಯೇ ಫಿಫಾ ‘ಫುಟ್‌ಬಾಲ್ ವಿಡಿಯೊ ಸಪೋರ್ಟ್’ ರೂಪಿಸಿದೆ. ಪ್ರತ್ಯೇಕ ಕೋಣೆಯಿಲ್ಲ, ವಿಡಿಯೊ ರೆಫರಿಗಳಿಲ್ಲ. ಕೋಚ್ ಬೆರಳು ತಿರುಗಿಸಿ ಕಾರ್ಡ್ ಕೊಟ್ಟು ಪಂದ್ಯಕ್ಕೆ ಎರಡು ಮನವಿ ಮಾಡಬಹುದು, ಗೆದ್ದರೆ ಮನವಿ ಉಳಿಯುತ್ತದೆ. ರೆಫರಿ ತಾನೇ ಪರದೆ ಬಳಿ ಹೋಗಿ ನೋಡುತ್ತಾರೆ. 2024ರಲ್ಲಿ ಕೊಲಂಬಿಯಾದ 20ರ ಒಳಗಿನ ಮಹಿಳಾ ವಿಶ್ವಕಪ್‌ನಲ್ಲಿ ಇದು ಬಳಕೆಯಾಗಿದೆ. ದೋಹಾದಲ್ಲಿ ಇಷ್ಟಿದ್ದಿದ್ದರೂ ಭಾರತದ ಆಗಿನ ಕೋಚ್ ಇಗೊರ್ ಸ್ಟಿಮಾಚ್ ಕೈಯೆತ್ತಿದ್ದರೆ ಸಾಕಿತ್ತು. ಐಎಸ್‌ಎಲ್‌ಗಷ್ಟೇ ಅಲ್ಲ, ಐ-ಲೀಗ್‌ಗೂ ಮಹಿಳಾ ಲೀಗ್‌ಗೂ ಇದನ್ನು ತರುವುದು ಅಸಾಧ್ಯವಲ್ಲ.

ಅದನ್ನು ತರುವಾಗ ಫೆಡರೇಷನ್ ಎರಡು ಕೆಲಸ ಮೊದಲೇ ಮಾಡಲಿ. ಇರುವ ನಾಲ್ಕೈದು ಕ್ಯಾಮೆರಾಗಳಲ್ಲಿ ಎರಡನ್ನು ಎರಡೂ ಗೋಲ್‌ಲೈನ್‌ಗಳ ನೇರಕ್ಕೆ ಕಡ್ಡಾಯವಾಗಿ ನೆಡಿಸಲಿ, ಪ್ರಸಾರದ ಕಂಪನಿಗೆ ಅದು ಚಂದದ ಚಿತ್ರ ಕೊಡದಿದ್ದರೂ ಸರಿ. ಮುಂದೆ ಗೋಲ್‌ಲೈನ್ ಯಂತ್ರವೂ ಬಂದ ದಿನಕ್ಕೆ ನಿಯಮ ಪುಸ್ತಕದಲ್ಲಿ ಒಂದು ವಾಕ್ಯ ಈಗಲೇ ಸೇರಲಿ: ಗಡಿಯಾರ ಕಂಪಿಸದೆ ಇದ್ದು ಅಂಕಣದಲ್ಲಿ ಅನುಮಾನ ಎದ್ದರೆ, ಆಟ ಮುಂದುವರಿಯುವ ಮೊದಲು ವಿಡಿಯೊ ನೋಡುವುದು ರೆಫರಿಯ ಇಷ್ಟವಲ್ಲ, ಕರ್ತವ್ಯ.